ಕಲ್ಲಿನ ಸೀಮೆಯ ‘ರಾಕ್’ ರಸಿಕರು

ಸಂಡೂರಿನ ಕಣಿವೆಯಲ್ಲಿ ಕಲ್ಲಿಗೆ ಬರವಿಲ್ಲ. ಸುತ್ತಣ ಗುಡ್ಡಗಳ ಒಡಲಲ್ಲಿ ಕಬ್ಬಿಣ, ಮ್ಯಾಂಗನೀಸುಗಳ ಅದಿರು. ಹೊಸಪೇಟೆ ದಾಟಿ ಹಂಪಿಗೆ ಹೋದರೆ ವಿಠ್ಠಲನ ಗುಡಿಯಲ್ಲಿ ನಾದಗೈಯುವ ಕಂಬಗಳು. ಇಂಥ ಸೀಮೆಯ ಯಶವಂತನಗರದಲ್ಲಿ ಒಬ್ಬ ಗೃಹಸ್ಥರು ತಮಗೆ ‘ರಾಕ್’ ಸಂಗೀತ ಪ್ರಿಯವೆಂದರೆ ನೆರೆಯವರು ನಗುವುದು ಸಹಜ. ‘ರಾಕ್’ ಎಂದರೆ ಕಲ್ಲಲ್ಲವೆ? ಅಲ್ಲವೆಂದು ಆ ರಸಿಕರು ಬಹುಕಾಲದಿಂದ ವಾದಿಸುತ್ತ ಬಂದಿದ್ದಾರೆ. ಅದು ತೂಗುವುದು, ಓಲಾಡಿಸುವುದು ಎಂಬರ್ಥದ ಪದ, ತೊಟ್ಟಿಲಿಗೂ ಸಲ್ಲುತ್ತದೆ. ಅರ್ಥ ತಿಳಿದ ಮೇಲೂ ನೆರೆಯವರು ನಗುವುದನ್ನು ಬಿಟ್ಟಿಲ್ಲ.

ರಸಿಕರ ಮೊದಲ ಸಿದ್ಧಾಂತ ಇದು: ಹಾಡುಗಳ ಸಂಪುಟವನ್ನು ಮೊದಲಿನಿಂದ ಕೊನೆಯವರೆಗೆ, ಮುದ್ರಿಸಿದವರು ಇಟ್ಟ ಕ್ರಮದಲ್ಲೇ ಕೇಳಬೇಕು. ಹಿಂದಿನ 78 ಸುತ್ತಿನ ಪ್ಲೇಟಿನ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. 1948ರಲ್ಲಿ ಅಮೆರಿಕದಲ್ಲಿ ಲಾಂಗ್ ಪ್ಲೇ ತಟ್ಟೆ ಬಂದ ಮೇಲೆ ಇಪ್ಪತ್ತು ನಿಮಿಷಕ್ಕೂ ಮಿಕ್ಕ ಅವಕಾಶ ದೊರೆಯಿತು. ಬಿಡಿ ಹಾಡುಗಳನ್ನು ಒಂದು ಮಾಲೆಯಾಗಿ ಕಟ್ಟುವ ಆಸೆ ಬೆಳೆದದ್ದು ಆ ಅವಕಾಶದಿಂದಲೇ. ಮಾಲೆಯಿಂದ ಒಂದೇ ಹೂವನ್ನು ಕಿತ್ತು ಮೂಸುವವರನ್ನು ಕಂಡರೆ ರಸಿಕರಿಗೆ ಕನಿಕರ.

ಅವರ ಅಭಿಪ್ರಾಯಗಳು ನಿಷ್ಠುರವಾದುವು. ಬೀಟಲ್ಸ್ ತಂಡದವರು 1965ರ ‘ರಬ್ಬರ್ ಸೋಲ್’ನಲ್ಲಿ ಸಿತಾರನ್ನು ಬಳಸಿದರಲ್ಲ, ಅದು ಮದುವೆಮನೆಗೆ ಹೋಗಲು ಎರವಲು ತಂದ ಶಾಲಿನಂತೆ ಎಂದು ಅವರ ಮತ. 1967ರ ‘ಸಾರ್ಜೆಂಟ್ ಪೆಪರ್’ ಹೊತ್ತಿಗೆ ಜಾರ್ಜ್ ಹ್ಯಾರಿಸನ್ ರವಿಶಂಕರರಲ್ಲಿ ಪಾಠಕ್ಕೆ ಕುಳಿತಿದ್ದರು. ಆ ಸಂಪುಟದ ಎರಡನೆಯ ಮಗ್ಗುಲಿನ ಮೊದಲ ಹಾಡಿನಲ್ಲಿ ತಂಬೂರಿ, ತಬಲಾ, ದಿಲ್‌ರುಬಾಗಳನ್ನು ಭಾರತೀಯರಿಂದಲೇ ನುಡಿಸಿದರು. ಅಲ್ಲಿ ಶಾಲು ಸ್ವಂತದ್ದಾಗದಿದ್ದರೂ ಹೊದೆಯುವ ರೀತಿ ಬಂದಿದೆಯೆಂದು ರಸಿಕರು ಒಪ್ಪುತ್ತಾರೆ.

ಕನ್ನಡದ ವಿಷಯ ಬಂದಾಗ ವಾದ ಬಿಸಿಯೇರುತ್ತದೆ. ರಘು ದೀಕ್ಷಿತರು 2008ರ ತಮ್ಮ ಮೊದಲ ಸಂಪುಟದಲ್ಲಿ ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಪದವನ್ನು ಗಿಟಾರಿನ ಬಡಿತದೊಡನೆ ಹಾಡಿದರು. ಭಜನಾಮಂಡಲಿಯ ಹಿರಿಯರೊಬ್ಬರು ಅದನ್ನು ಕೇಳಿ, “ಏನ್ರೀ ಇದು, ನಮ್ಮ ಷರೀಫಜ್ಜಗ ಪ್ಯಾಂಟು ತೊಡಿಸ್ಯಾರಲ್ಲ!” ಎಂದು ನೊಂದುಕೊಂಡರು. ರಸಿಕರು ಆ ನೋವನ್ನು ಹಗುರವಾಗಿ ಕಾಣಲಿಲ್ಲ. 1819ರಿಂದ 1889ರವರೆಗೆ ಬಾಳಿದ ಷರೀಫರ ಪದಗಳು ಊರೂರ ಭಜನೆಗಳಲ್ಲಿ ಉಳಿದು ಬಂದವು, ಆಮೇಲೆ ಸಿ. ಅಶ್ವಥ್‌ರ ತುಂಬುಕಂಠದಿಂದ ಪಟ್ಟಣದ ಮನೆಗಳನ್ನು ಸೇರಿದವು. ನಾಗಾಭರಣರ 1990ರ ‘ಸಂತ ಶಿಶುನಾಳ ಷರೀಫ’ ಚಿತ್ರಕ್ಕೂ ಸಂಗೀತ ಅಶ್ವಥ್‌ರದೇ. ಅಶ್ವಥ್‌ ಹಾಡಿದರೆ ಮಾತು ಎದೆಗಿಳಿದು ಕೇಳುಗ ಒಂದು ಗಳಿಗೆ ನಿಂತುಬಿಡುತ್ತಾನೆ. ದೀಕ್ಷಿತರು ಹಾಡಿದರೆ ಮೊದಲು ಕಾಲು ಕುಣಿಯುತ್ತದೆ. ತತ್ತ್ವ ಹೊಳೆಯುವುದು ಮರುದಿನ. ಹೊಳೆಯದೆಯೂ ಹೋಗಬಹುದು, ಅದೇ ಆ ಧಾಟಿಯ ಅಪಾಯ. ಆದರೆ ಭಜನೆಗೆ ಎಂದೂ ಕಾಲಿಡದ ಹುಡುಗರ ಬಾಯಲ್ಲಿ ಷರೀಫರ ಪದ ನಿಂತಿತಲ್ಲ, ಅದನ್ನು ಮರೆಯಬಾರದೆಂದು ರಸಿಕರು ಹಿರಿಯರಿಗೆ ವಿನಯದಿಂದಲೇ ಹೇಳಿದರು. ಹಿರಿಯರು ಒಪ್ಪಲಿಲ್ಲ, ಚಹಾ ಮಾತ್ರ ಕುಡಿದು ಹೋದರು.

ಈ ಅಭಿಪ್ರಾಯಗಳಿಗೆ ನಿಜವಾದ ಬೆಲೆ ಬಂದದ್ದು ಮಗಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ತಂದೆ ಮಗಳ ದೂರವಾಣಿಯ ಮಾತು “ಊಟ ಆಯಿತೇನಮ್ಮ?” “ಆಯಿತಪ್ಪ, ಅಲ್ಲಿ ಮಳೆ ಬಂತಾ?” ಎಂಬಲ್ಲಿಗೆ ಬತ್ತಿಹೋಗುತ್ತಿತ್ತು. ಪ್ರೀತಿಗೆ ಕೊರತೆಯಿರಲಿಲ್ಲ, ಮಾತಿಗೆ ವಸ್ತುವಿರಲಿಲ್ಲ. ಆಗ ಇಬ್ಬರೂ ಒಂದು ಕರಾರು ಮಾಡಿಕೊಂಡರು. ತಿಂಗಳಿಗೊಮ್ಮೆ ಒಬ್ಬರು ಮತ್ತೊಬ್ಬರಿಗೆ ಒಂದು ಸಂಪುಟವನ್ನು ಸೂಚಿಸಬೇಕು, ಪೂರ್ತಿ ಕೇಳಬೇಕು, ದಾಕ್ಷಿಣ್ಯವಿಲ್ಲದೆ ಅಭಿಪ್ರಾಯ ಹೇಳಬೇಕು.

ತಂದೆ ಪಿಂಕ್ ಫ್ಲಾಯ್ಡ್ ತಂಡದ 1973ರ ‘ಡಾರ್ಕ್ ಸೈಡ್ ಆಫ್ ದಿ ಮೂನ್’ ಸೂಚಿಸಿದರು. ಎದೆಬಡಿತದಿಂದ ತೊಡಗಿ ಎದೆಬಡಿತದಲ್ಲೇ ಮುಗಿಯುವ ಸುಮಾರು 43 ನಿಮಿಷಗಳ ಸಂಪುಟವದು. ನಡುವೆ ಗಡಿಯಾರಗಳು ಒಟ್ಟಿಗೆ ಬಾರಿಸಿದಾಗ ಬೆಚ್ಚಿಬಿದ್ದೆನೆಂದು ಮಗಳು ಹೇಳಿದಳು. ಆಮೇಲೆ ತನ್ನ ಕೆಲಸದ ದಿನಗಳು ಹೇಗೆ ಸವೆಯುತ್ತಿವೆಯೆಂಬುದನ್ನು ಅರ್ಧ ಗಂಟೆ ಹೇಳಿಕೊಂಡಳು. ಅಷ್ಟು ಮಾತನ್ನು ಯಾವ ಕುಶಲಪ್ರಶ್ನೆಯೂ ಹೊರಡಿಸಿರಲಿಲ್ಲ.

ಮಗಳು ಡೇವಿಡ್ ಬೋವಿಯವರ ‘ಬ್ಲ್ಯಾಕ್‌ಸ್ಟಾರ್’ ಸೂಚಿಸಿದಳು. 2016ರ ಜನವರಿ 8ರಂದು, ಅವರ 69ನೆಯ ಹುಟ್ಟುಹಬ್ಬದಂದು, ಅದು ಹೊರಬಂತು. ಎರಡು ದಿನಗಳಲ್ಲಿ ಅವರು ಕಾಲವಾದರು. ಸಾವನ್ನು ಎದುರಿಗಿಟ್ಟುಕೊಂಡು ಹೊಸ ಧಾಟಿಯನ್ನು ಹುಡುಕಿದ ಆ ಧೈರ್ಯಕ್ಕೆ ರಸಿಕರು ತಲೆಬಾಗಿದರು. ರೋಲಿಂಗ್ ಸ್ಟೋನ್ಸ್, ಎಂದರೆ ಉರುಳುವ ಕಲ್ಲುಗಳ ತಂಡ, 2005ರ ಬಳಿಕ 18 ವರ್ಷ ಕಳೆದು ಸ್ವಂತ ಹೊಸ ಹಾಡುಗಳೊಡನೆ 2023ರಲ್ಲಿ ತಂದ ‘ಹ್ಯಾಕ್ನಿ ಡೈಮಂಡ್ಸ್’ ಅವರಿಗೆ ಅಷ್ಟು ಹಿಡಿಸಲಿಲ್ಲ. ಎಂಬತ್ತರ ಮಿಕ್ ಜ್ಯಾಗರ್‌ರ ಉತ್ಸಾಹಕ್ಕೆ ನಮಸ್ಕಾರ. ಆದರೆ ಅದರಲ್ಲಿನ ಬಹಳಷ್ಟನ್ನು ಅವರೇ ಹಿಂದೆ ಇದಕ್ಕಿಂತ ಚೆನ್ನಾಗಿ ಹೇಳಿದ್ದಾರೆ.

ಮಗಳಿಗೆ ಪ್ರಿಯವಾದುದನ್ನು ಹೊಗಳಿಬಿಡಬಾರದೆ ಎಂದು ಮನೆಯಾಕೆ ಕೇಳಿದ್ದುಂಟು. ಸುಳ್ಳು ಹೊಗಳಿಕೆ ಅವಳಿಗೆ ಒಂದೇ ತಿಂಗಳಲ್ಲಿ ತಿಳಿದುಹೋಗುತ್ತದೆ, ಆಮೇಲೆ ಮಳೆಯ ವಿಚಾರಕ್ಕೇ ಮರಳಬೇಕಾಗುತ್ತದೆ ಎಂಬುದು ರಸಿಕರ ಉತ್ತರ.