ಹಳದಿ ದೀಪ

ದೀಪ ಹಚ್ಚಿದಾಗ ಕೈಮುಗಿಯಬೇಕೆಂದು ಚಿಕ್ಕಂದಿನಲ್ಲೇ ಅಮ್ಮ ಹೇಳಿಕೊಟ್ಟಿದ್ದಳು. ತಾನಾಗಿಯೇ ಹತ್ತಿಕೊಳ್ಳುವ ದೀಪಕ್ಕೆ ಏನು ಮಾಡಬೇಕೆಂದು ಮಾತ್ರ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಹೇಳುತ್ತಿರುವುದು ನಮ್ಮ ಕಾರಿನ ದೀಪದ ವಿಷಯ. 2014ರ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್. ಯಜಮಾನರಿಗೆ ಬೆಂಗಳೂರಿನಲ್ಲಿ ಕೆಲಸ. ಅಂತರಘಟ್ಟೆಯ ಮನೆಯಲ್ಲಿ ನಾನು, ಮಾವನವರು, ಒಂದಿಷ್ಟು ತೋಟ. ಮಾವನವರ ಹೃದಯಕ್ಕೆ ಶಕ್ತಿ ಸಾಲದೆಂದು ತಿಂಗಳಿಗೊಮ್ಮೆ ಶಿವಮೊಗ್ಗದ ಆಸ್ಪತ್ರೆಗೆ ಕರೆದೊಯ್ಯಬೇಕು. ಆ ಒಂದು ಕಾರಣಕ್ಕೆ ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ.

2022ರ ಕಾರ್ತೀಕದಲ್ಲಿ, ಊರೆಲ್ಲ ದೀಪ ಹಚ್ಚುವ ಹೊತ್ತಿನಲ್ಲೇ, ಸ್ಟೀರಿಂಗ್ ಹಿಂದೆ ಇಂಜಿನ್ ಆಕಾರದ ಹಳದಿ ದೀಪವೊಂದು ಹತ್ತಿಕೊಂಡಿತು. ಗ್ಯಾರೇಜಿಗೆ ಒಯ್ದೆ. ಹುಡುಗ ಒಂದು ಯಂತ್ರ ಸಿಕ್ಕಿಸಿ ಗುಂಡಿ ಒತ್ತಿದ. ದೀಪ ಆರಿತು. ಮುನ್ನೂರು ರೂಪಾಯಿ. ಮೂರನೆಯ ದಿನ ಮತ್ತೆ ಹಾಜರ್! ಇನ್ನೊಂದು ಕಡೆ, ಪೆಟ್ರೋಲ್ ಸರಿಯಿಲ್ಲ ಎಂದರು. ಮತ್ತೊಂದು ಕಡೆ 2,800 ರೂಪಾಯಿಗೆ ಸೆನ್ಸರ್ ಬದಲಿಸಿದರು. ಹದಿನೈದು ದಿನ ಕಳೆಯಿತು, ದೀಪ ಬಂತು. ಕೊನೆಗೊಬ್ಬರು, ಸೈಲೆನ್ಸರಿನಲ್ಲಿ ಹೊಗೆ ಶುದ್ಧಮಾಡುವ ಡಬ್ಬವನ್ನೇ ಬದಲಿಸಬೇಕು, ಮೂವತ್ತು ಸಾವಿರವಾದರೂ ಆಗುತ್ತದೆ ಎಂದರು. ಯಾಕೆ ಎಂದು ಕೇಳಿದ್ದಕ್ಕೆ, "ಯಜಮಾನ್ರನ್ನ ಕರ್ಕೊಂಡ್ ಬನ್ನಿ ಮೇಡಂ, ಅವ್ರಿಗೆ ಹೇಳ್ತೀನಿ" ಎಂದು ನಕ್ಕರು. ನಮ್ಮ ಯಜಮಾನರಿಗೆ ಬಾನೆಟ್ ತೆಗೆಯುವ ಗುಬುಟು ಎಲ್ಲಿದೆಯೆಂದೂ ಗೊತ್ತಿಲ್ಲವೆಂದು ಆ ಪುಣ್ಯಾತ್ಮರಿಗೆ ಹೇಗೆ ಹೇಳಲಿ?

ನಗುವ ವಿಷಯ ಅಲ್ಲಿಗೇ ಮುಗಿಯಿತು. ಜನವರಿಯ ಒಂದು ರಾತ್ರಿ ಮಾವನವರಿಗೆ ಉಸಿರು ಕಟ್ಟತೊಡಗಿತು. ಆಂಬುಲೆನ್ಸ್ ಬೇರೆಲ್ಲೋ ಹೋಗಿತ್ತು. ಅವರನ್ನು ಕಾರಿನಲ್ಲಿ ಕೂರಿಸಿ ಕೀಲಿ ತಿರುಗಿಸಿದರೆ ಆ ಹಳದಿ ದೀಪ ನನ್ನನ್ನೇ ನೋಡುತ್ತಿತ್ತು. ಕತ್ತಲೆಯಲ್ಲಿ, ನಡುದಾರಿಯಲ್ಲಿ ಗಾಡಿ ನಿಂತುಬಿಟ್ಟರೆ? ನನಗೆ ಧೈರ್ಯ ಬರಲಿಲ್ಲ. ಪಕ್ಕದ ಬೀದಿಯವರ ಗಾಡಿ ಬರುವವರೆಗೆ ಮುಕ್ಕಾಲು ಗಂಟೆ ಕಾದೆವು. ದೇವರ ದಯೆ, ಬದುಕಿದರು. "ಇನ್ನು ಸ್ವಲ್ಪ ಬೇಗ ಕರ್ಕೊಂಡ್ ಬರಬೇಕಿತ್ತಮ್ಮ" ಎಂದು ಡಾಕ್ಟರು ಮೆಲ್ಲಗೆ ಹೇಳಿದ್ದು ಮಾತ್ರ ಇವತ್ತಿಗೂ ಕಿವಿಯಲ್ಲಿದೆ.

ಮರುದಿನ ಕಾರಿನ ಜೊತೆ ಬಂದಿದ್ದ ಪುಸ್ತಕ ತೆಗೆದೆ. ಪ್ಲಾಸ್ಟಿಕ್ ಹೊದಿಕೆಯನ್ನೂ ಯಾರೂ ಬಿಚ್ಚಿರಲಿಲ್ಲ. ಆ ದೀಪ ಮಿನುಗದೆ ಉರಿಯುತ್ತಿದ್ದು, ಗಾಡಿ ಎಂದಿನಂತೆ ಓಡುತ್ತಿದ್ದರೆ ನಿಧಾನವಾಗಿ ಹೋಗಬಹುದು, ಆದಷ್ಟು ಬೇಗ ತೋರಿಸಬೇಕು. ಮಿನುಗುತ್ತಿದ್ದರೆ ಪೆಟ್ರೋಲ್ ಇಂಜಿನ್ನಿನಲ್ಲಿ ಸರಿಯಾಗಿ ಉರಿಯುತ್ತಿಲ್ಲವೆಂದು ಅರ್ಥ; ಅದು ಸೈಲೆನ್ಸರಿಗೆ ಹೋಗಿ ಆ ಡಬ್ಬವನ್ನು ಸುಡುತ್ತದೆ, ಗಾಡಿ ನಿಲ್ಲಿಸಬೇಕು. ನಮ್ಮದು ಒಂದು ದಿನವೂ ಮಿನುಗಿರಲಿಲ್ಲ. ಆ ರಾತ್ರಿ ನಾನು ಹೊರಡಬಹುದಿತ್ತು! ಎಂಟು ಹತ್ತು ಸಾಲು ಓದದೆ ಇದ್ದದ್ದಕ್ಕೆ ಮುಕ್ಕಾಲು ಗಂಟೆ ತೆತ್ತಿದ್ದೆ.

ಆಮೇಲೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರವೊಂದನ್ನು ತರಿಸಿಕೊಂಡೆ, ಕೆಲವೇ ನೂರು ರೂಪಾಯಿಯದು. ಸ್ಟೀರಿಂಗ್ ಕೆಳಗೆ ಹದಿನಾರು ತೂತಿನ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸಿದರೆ ಇಂಜಿನ್ನಿನ ದೂರು ಫೋನಿನಲ್ಲಿ ಓದಲು ಸಿಗುತ್ತದೆ. ನಮ್ಮ ಕಾರಿನ ದೂರಿನ ಸಂಖ್ಯೆ ಪಿ 0171. ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಒಂದು ಗ್ರಾಂ ಪೆಟ್ರೋಲ್ ಹದವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಂತೆ. ನಾವು ದೋಸೆ ಹಿಟ್ಟಿಗೆ ನೀರು ನೋಡಿಕೊಳ್ಳುವ ಹಾಗೆ ಇಂಜಿನ್ ಈ ಹದ ನೋಡಿಕೊಳ್ಳುತ್ತದೆ. ಹದ ತಪ್ಪಿದ್ದನ್ನು ಹೊಗೆಯ ವಾಸನೆಯಿಂದಲೇ ಹಿಡಿದು ಹೇಳುವುದು ಸೆನ್ಸರು. ನಾವು 2,800 ರೂಪಾಯಿ ಕೊಟ್ಟು ಆ ಸೆನ್ಸರನ್ನೇ ಕಿತ್ತುಹಾಕಿದ್ದೆವು. ಕಳ್ಳ ಬಂದ ಎಂದು ಕೂಗಿದವನನ್ನೇ ಜೈಲಿಗೆ ಹಾಕಿದ ಹಾಗೆ.

ಆದರೆ ಸಂಖ್ಯೆ ಏನಾಗಿದೆ ಎಂದಷ್ಟೇ ಹೇಳುತ್ತದೆ, ಯಾಕೆ ಎಂದು ಹೇಳುವುದಿಲ್ಲ. ಪೆಟ್ರೋಲ್ ಪಂಪು ಸೋತಿರಬಹುದು, ಫಿಲ್ಟರ್ ಕಟ್ಟಿಕೊಂಡಿರಬಹುದು, ಎಲ್ಲೋ ಕಳ್ಳಗಾಳಿ ನುಗ್ಗುತ್ತಿರಬಹುದು. ಜಗುಲಿಯಲ್ಲಿ ತಲೆಮೇಲೆ ಕೈಹೊತ್ತು ಕೂತಿದ್ದಾಗ ಮಾವನವರು ಕೇಳಿದರು.

"ದೀಪ ಬರ್ತದೆ, ಸರಿ. ಯಾವಾಗ ಬರ್ತದಮ್ಮ?"

"ಯಾವಾಗ ಬೇಕಾದ್ರೂ ಬರುತ್ತೆ, ಮಾವ."

"ಹಂಗಂದ್ರೆ ಆಗಲ್ಲ. ಎತ್ತು ಕುಂಟುತ್ತೆ ಅಂದ್ರೆ ಸಾಲ್ದು. ಕೊಟ್ಟಿಗೆಯಿಂದ ಹೊರಟಾಗ ಕುಂಟುತ್ತೋ, ನಾಕು ಮೈಲಿ ನಡೆದ್ಮೇಲೋ? ಏರಿನಲ್ಲೋ, ಇಳಿಜಾರಿನಲ್ಲೋ? ಅದು ನೋಡಿದ್ರೆ ಅರ್ಧ ಗೊತ್ತಾಯ್ತು."

ಮಾವನವರು ಗಾಡಿ ಕಟ್ಟಿದ ಕಾಲದವರು. ನಮ್ಮೂರ ಅಂತರಘಟ್ಟಮ್ಮನ ಜಾತ್ರೆಗೆ ತರೀಕೆರೆ, ಭದ್ರಾವತಿ ಕಡೆಯ ಹಳ್ಳಿಗಳಿಂದ ಸಿಂಗರಿಸಿದ ಎತ್ತಿನಗಾಡಿಗಳು ಸಾಲುಗಟ್ಟಿ ಬರುವುದನ್ನು ನೀವೂ ನೋಡಿರಬಹುದು. ಅಮೃತಮಹಲ್ ಎತ್ತುಗಳಿಗೆ ಹೆಸರಾದ ಅಜ್ಜಂಪುರದ ಸೀಮೆ ಇದು. ಅಚ್ಚಿನ ಸದ್ದು ಕೇಳಿಯೇ ಯಾವ ಗಾಲಿಗೆ ಕೀಲೆಣ್ಣೆ ಬೇಕೆಂದು ಹೇಳಬಲ್ಲವರು ಅವರು. ಅವರನ್ನು ಕಾರಿನ ವಿಷಯ ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಅಂದಿನಿಂದ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆಯತೊಡಗಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಗಾಡಿ ಓಡುತ್ತಿತ್ತೋ ನಿಂತಿತ್ತೋ. ಮೂರು ವಾರಕ್ಕೆ ಚಿತ್ರ ಮೂಡಿತು. ಹೆದ್ದಾರಿಯಲ್ಲಿ ದೀಪ ಒಮ್ಮೆಯೂ ಹೊಸದಾಗಿ ಹತ್ತಿರಲಿಲ್ಲ. ಹತ್ತಿದ್ದೆಲ್ಲ ಸಂತೆಯ ಮುಂದೆಯೋ ಅಂಗಡಿಯ ಮುಂದೆಯೋ ಇಂಜಿನ್ ಆರಿಸದೆ ಕಾಯುತ್ತಿದ್ದಾಗ. ಫೋನಿನಲ್ಲಿ ನೋಡಿದರೆ, ಹದ ಸರಿದೂಗಿಸಲು ಇಂಜಿನ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸುರಿಯುತ್ತಿದೆ ಎಂಬ ಲೆಕ್ಕವೂ ಇತ್ತು. ನಿಂತಲ್ಲೇ ಓಡುವಾಗ ಶೇಕಡಾ 24. ಆಕ್ಸಿಲೇಟರ್ ಒತ್ತಿ ನಿಮಿಷಕ್ಕೆ 2,500 ಸುತ್ತಿಗೆ ತಂದರೆ ಬರೀ 6.

ಇದರ ಅರ್ಥ ನಮಗೆ, ಸಂಸಾರಸ್ಥರಿಗೆ, ಬೇಗ ತಿಳಿಯುತ್ತದೆ. ತಿಂಗಳಿಗೆ ಸಾವಿರ ರೂಪಾಯಿ ಸೋರುವ ಮನೆ ಎಂದಿಟ್ಟುಕೊಳ್ಳಿ. ಆದಾಯ ಐದು ಸಾವಿರವಿದ್ದಾಗ ಅದು ದೊಡ್ಡ ಹೊಡೆತ. ಐವತ್ತು ಸಾವಿರವಿದ್ದರೆ ಗೊತ್ತೇ ಆಗುವುದಿಲ್ಲ. ನಿಂತಿರುವ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಸ್ವಲ್ಪ, ಅದರಲ್ಲಿ ತೂತಿನಿಂದ ಬಂದ ಪಾಲು ದೊಡ್ಡದು. ಜೋರಾಗಿ ಓಡುವಾಗ ಅದೇ ತೂತು ಲೆಕ್ಕಕ್ಕಿಲ್ಲ. ಪಂಪು ಸೋತಿದ್ದರೆ ತಿರುಗಾಮುರುಗಾ, ಜೋರಾಗಿ ಓಡಿದಾಗಲೇ ಕೊರತೆ ಕಾಣಬೇಕಿತ್ತು. ಹಾಗಾದರೆ ಕಳ್ಳಗಾಳಿಯೇ.

ಭಾನುವಾರ ಬೆಳಿಗ್ಗೆ ಸೆರಗು ಬಿಗಿದು ಕಟ್ಟಿ, ಜಡೆಯನ್ನು ಗಂಟು ಹಾಕಿ (ತಿರುಗುವ ಬೆಲ್ಟು ಫ್ಯಾನುಗಳ ಹತ್ತಿರ ಇದು ಅಲಂಕಾರದ ಮಾತಲ್ಲ, ಪ್ರಾಣದ ಮಾತು) ಬಾನೆಟ್ ಎತ್ತಿದೆ. ಕೈಯಲ್ಲಿ ಇಸ್ತ್ರಿ ಮಾಡುವಾಗ ನೀರು ಚಿಮುಕಿಸುವ ಬಾಟಲಿ. ಇಂಜಿನ್ ಓಡುತ್ತಿರುವಾಗ, ವೈರುಗಳ ಕಡೆಗೆ ಹೋಗದೆ, ಒಂದೊಂದೇ ರಬ್ಬರ್ ಪೈಪಿನ ಮೇಲೆ ಹನಿ ನೀರು ಸಿಂಪಡಿಸುತ್ತ ಹೋದೆ. ಹಿಂಭಾಗದ ಒಂದು ಬಾಗಿದ ಪೈಪಿನ ಮೇಲೆ ನೀರು ಬಿದ್ದದ್ದೇ ತಡ, ಇಂಜಿನ್ನಿನ ನಡುಕ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಕೈಯಿಟ್ಟು ತಿರುಗಿಸಿ ನೋಡಿದೆ. ಮೇಲೆ ಹೊಸದರಂತೆ ಹೊಳೆಯುತ್ತಿದ್ದ ಪೈಪಿನ ತಳದಲ್ಲಿ ಉಗುರಿನಷ್ಟು ಉದ್ದದ ಸೀಳು!

ಹೊಸ ಪೈಪಿಗೆ 260 ರೂಪಾಯಿ. ಸ್ಕ್ರೂಡ್ರೈವರ್ ಹಿಡಿದು ನಾನೇ ಕೂಡಿಸಿದೆ. ದೀಪವನ್ನು ಮಾತ್ರ ಯಂತ್ರದಿಂದ ಅಳಿಸಲಿಲ್ಲ. ಅಳಿಸಿ ಅಳಿಸಿಯೇ ಅಲ್ಲವೇ ನಾವು ಮೋಸಹೋದದ್ದು? ದೋಷ ನಿಜವಾಗಿ ಹೋಗಿದ್ದರೆ, ಮೂರು ಸಲ ಸರಿಯಾಗಿ ಓಡಿದ ಮೇಲೆ ಇಂಜಿನ್ ತಾನೇ ದೀಪ ಆರಿಸಿಕೊಳ್ಳುತ್ತದೆ ಎಂದು ಓದಿದ್ದೆ. ದಿನಾ ಕಾರು ನಿಲ್ಲಿಸುತ್ತಲೇ ಮಾವನವರ ಪ್ರಶ್ನೆ: "ಹೋಯ್ತೇನಮ್ಮ?" ಇಲ್ಲ. "ಹೋಯ್ತೇನಮ್ಮ?" ಇಲ್ಲ. ನಾಲ್ಕನೆಯ ಬೆಳಿಗ್ಗೆ ಕೀಲಿ ತಿರುಗಿಸಿದರೆ ದೀಪ ಒಮ್ಮೆ ಎಲ್ಲದರ ಜೊತೆ ಹತ್ತಿ, ಇಂಜಿನ್ ಓಡತೊಡಗಿದ ಕೂಡಲೇ ಆರಿಹೋಯಿತು. ಪರೀಕ್ಷೆ ಪಾಸಾದ ಹುಡುಗಿಯಂತೆ ಒಳಗೆ ಓಡಿದೆ.

ಹಾಲಿನ ಲೆಕ್ಕದ ಆ ಪುಸ್ತಕದಲ್ಲಿ ಈಗ ಇನ್ನೊಂದು ಪುಟವಿದೆ. ವರ್ಷದಿಂದ ಕಾಡುತ್ತಿದ್ದ ತಲೆನೋವಿಗೆ ನಾನು ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದೆ. ಗ್ಯಾರೇಜಿನ ಹುಡುಗ ಗುಂಡಿ ಒತ್ತಿದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ? ಯಾವಾಗ ಬರುತ್ತದೆ ಎಂದು ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಬಿ.ಪಿ. ನೋಡಿದ ಅವರು, ಇಷ್ಟು ದಿನ ಎಲ್ಲಿದ್ದಿರಿ ಎಂದು ಗದರಿದರು.

ಮುಂದಿನ ಜಾತ್ರೆಯಲ್ಲಿ ಮಾವನವರನ್ನು ಜಗುಲಿಯಲ್ಲಿ ಕೂರಿಸಿದ್ದೆ. ಗೆಜ್ಜೆ ಸದ್ದು, ಧೂಳು, ಜನರ ಕೇಕೆ. ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಆ ಕೆಂಪು ಜೂಲಿನ ಗಾಡೀದು ಎಡಗಾಲಿ ಒಣಗೈತೆ. ಕೂಗಿ ಹೇಳಮ್ಮ."

ಕಣ್ಣು ಮುಚ್ಚಿದವರಿಗೆ ಕೆಂಪು ಜೂಲು ಹೇಗೆ ಕಂಡಿತೋ! ನಾನು ಮೆಟ್ಟಿಲಿಳಿದು ಓಡಿದೆ.