ಅಂಚಿನ ಗುಲಾಬಿ

ಬಳ್ಳಾರಿಯಲ್ಲಿ ಗುಲಾಬಿ ಬೆಳೆಸಲು ಹೊರಟವರನ್ನು ಕಂಡು ಮೊದಲು ನಗುವುದು ಆ ಊರಿನ ಕೋಟೆಗುಡ್ಡ. ಹಗಲೆಲ್ಲ ಹೀರಿದ ಬಿಸಿಲನ್ನು ಇರುಳಿನಲ್ಲಿ ಉಸಿರಾಗಿ ಬಿಡುವ ಬಂಡೆ ಅದು. ಹಾಗಿದ್ದೂ ಆ ನಿವೃತ್ತ ಉಪಾಧ್ಯಾಯರಿಗೆ ಗುಲಾಬಿಯದೇ ಹಂಬಲ. 30 ವರ್ಷ ಬಾಡಿಗೆಯ ಮನೆಗಳಲ್ಲಿ ಕಳೆದವರಿಗೆ, ಬಾಗಿಲಿನಿಂದ ಗೇಟಿನವರೆಗಿನ ಹಾದಿಯ ಅಂಚಿನ 20 ಅಡಿ ಪಾತಿಯೇ ತಮ್ಮದೆನ್ನಬಹುದಾದ ಮೊದಲ ನೆಲ.

ಪುಸ್ತಕ ತಿರುವಿ ತಳಿಗಳನ್ನು ಆರಿಸಿದರು: ಮಹಾಯುದ್ಧ ಮುಗಿದ 1945ರಲ್ಲಿ ಹೆಸರು ಪಡೆದ ಫ್ರಾನ್ಸಿನ ‘ಪೀಸ್’, 1954ರ ಅಮೆರಿಕದ ‘ಕ್ವೀನ್ ಎಲಿಜಬೆತ್’. ಬೆಂಗಳೂರಿನಿಂದ 8 ಕಸಿಗಿಡಗಳು ಬಂದವು.

ಅವರ ಮಡದಿಯಲ್ಲಿಯೂ ಒಂದು ಗುಲಾಬಿಯಿತ್ತು. ಸಿರುಗುಪ್ಪದ ತವರಿನಿಂದ ತಂದ ಕಡ್ಡಿ. ಸೀಮೆಎಣ್ಣೆಯ ಡಬ್ಬಿಯಲ್ಲಿ ಬೇರೂರಿ, ಪ್ರತಿ ವರ್ಗಾವಣೆಯಲ್ಲಿಯೂ ಸಾಮಾನಿನ ಮೇಲೆ ಕೊನೆಯದಾಗಿ ಏರುತ್ತಿದ್ದ ಗಿಡ.

“ಇದಕ್ಕೂ ಒಂದು ಕುಣಿ ತೋಡ್ರೀ.”

“ಅದು ನಾಟಿ ಹೂ. ಸಾಲಿನ ಅಂದ ಕೆಡುತ್ತದೆ.”

ಡಬ್ಬಿ ಬಚ್ಚಲ ಹಿಂದಕ್ಕೆ ಹೋಯಿತು. ಆಕೆ ಮರುಮಾತಾಡಲಿಲ್ಲ.

ಬೇಸಿಗೆಯಲ್ಲಿ ಬಾಯಿಬಿಡುವ ಎರೆಮಣ್ಣು ಮಳೆಗಾಲದಲ್ಲಿ ಕುಡಿದ ನೀರನ್ನು ಬಿಟ್ಟುಕೊಡದು. ಆಷಾಢದಲ್ಲಿ ತೋಡಿದ ಕುಣಿಗಳೆಲ್ಲ ಸೆಪ್ಟೆಂಬರಿನ ಮಳೆಗೆ ಬೋಗುಣಿಗಳಾದವು. ಬೇರು ಕೊಳೆತು 7 ಗಿಡಗಳು ಸತ್ತವು. ಎಂಟನೆಯದರ ಬುಡದಲ್ಲಿ, ಕಸಿಯ ಗಂಟಿನ ಕೆಳಗೆ, ಚಿಗುರೊಂದು ಮೂಡಿತು. ‘ಪೀಸ್’ ಬದುಕಿತೆಂದು ಉಪಾಧ್ಯಾಯರು ಮಗುವಿನಂತೆ ಹಿಗ್ಗಿದರು. ಆದರೆ ಅರಳಿದ್ದು ನಸುಗೆಂಪಿನ ಸಣ್ಣ ಹೂ. ಅದರ ಕಂಪು ಪಡಸಾಲೆಯವರೆಗೆ ಬಂದಿತು. ಮಡದಿ ಮೂಸಿ ನಕ್ಕರು. ಬಚ್ಚಲ ಹಿಂದಿನದೇ ಹೂ!

ದಕ್ಷಿಣದಲ್ಲಿ ಕಸಿಗೆ ಬೇರಾಗಿ ನಿಲ್ಲುವ ಗುಲಾಬಿಗಳಲ್ಲಿ ಎಡ್ವರ್ಡ್ ಒಂದು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ, ಬೇಲಿಗೆ ನೆಡುತ್ತಿದ್ದ ಚೀನೀ ಮತ್ತು ಡಮಾಸ್ಕ್ ಗುಲಾಬಿಗಳು ಬೆರೆತು ಹುಟ್ಟಿದ್ದು. ಅಂಚಿನಲ್ಲಿಯೇ ಹುಟ್ಟಿದ ಹೂವನ್ನು ಅವರು ಅಂಚಿನಿಂದ ಹೊರಗಿಟ್ಟಿದ್ದರು. ಮೇಲಿನ ಕಸಿ ಬದುಕಿದ್ದರೆ ಕೆಳಗಿನ ಚಿಗುರನ್ನು ಕಿತ್ತೆಸೆಯಬೇಕು ನಿಜ. ಬಿಟ್ಟರೆ ಗಿಡದ ಸಾರವನ್ನೆಲ್ಲ ಅದೇ ಹೀರುತ್ತದೆ. ಆದರೆ ಇಲ್ಲಿ ಮೇಲೆ ಉಳಿದಿದ್ದುದಾದರೂ ಏನು?

ಮರುವರ್ಷ ಕುರುಗೋಡಿನ ಬಂಧುಗಳ ಹೊಲದಿಂದ, ಗುಡ್ಡದ ತಪ್ಪಲಿನ ಕೆಂಪು ಗರಸು ಒಂದು ಗಾಡಿ ಬಂದಿತು. ಒಂದೂವರೆ ಅಡಿ ಆಳದ ಕುಣಿಗಳಿಗೆ ಕೊಟ್ಟಿಗೆಗೊಬ್ಬರದೊಡನೆ ಅದನ್ನು ಬೆರೆಸಿ, ನೀರು ನಿಲ್ಲದಂತೆ ಪಾತಿಯನ್ನು ಗೇಣೆತ್ತರ ಏರಿಸಿದರು. ಮಳೆ ಹಿಂದಾದ ಮೇಲೆ, ಕಾರ್ತಿಕದಲ್ಲಿ ನೆಟ್ಟರು. ಬೇಸಿಗೆಯೊಳಗೆ ಬೇರು ಹಿಡಿಯಲು ಕಾಲ ದೊರೆಯುವುದು ಆಗಲೇ. ಎರಡೂವರೆ ಅಡಿಗೊಂದರಂತೆ 7 ಎಡ್ವರ್ಡ್ ಗಿಡಗಳು. ಎಲ್ಲವೂ ಸಿರುಗುಪ್ಪದ ಕಡ್ಡಿಯ ಮಕ್ಕಳೇ. ಎಂಟನೆಯ ಕುಣಿಗೂ ಅದನ್ನೇ ಹಿಡಿದ ಉಪಾಧ್ಯಾಯರನ್ನು ಮಡದಿ ತಡೆದರು.

“ಇಲ್ಲಿ ಮಧ್ಯಾಹ್ನದ ಮೇಲೆ ನೆರಳು ಬೀಳ್ತದ. ನಿಮ್ಮ ‘ಪೀಸ್’ ಒಂದು ಇರಲಿ ಬಿಡ್ರೀ.”

ಕಸಿಯ ಗಂಟು ಮಣ್ಣಿನಿಂದ 2 ಅಂಗುಲ ಮೇಲಿರುವಂತೆ ಅದನ್ನು ನೆಟ್ಟರು. ಊರೂರು ಅಲೆದ ಆ ಡಬ್ಬಿ ಮಾತ್ರ ಗುಜರಿಯವನ ತಕ್ಕಡಿಯೇರಿತು. ಇನ್ನು ಅದಕ್ಕೆ ವರ್ಗಾವಣೆಯಿರಲಿಲ್ಲ.