ನೀರಿನ ಗಂಜಗಳು

ಸೊಲ್ಲಾಪುರ ಅಕ್ಕಲಕೋಟೆಗಳ ಕಡೆಯ ಕನ್ನಡಿಗರಿಗೆ ವಿಜಯಪುರವು ಬಂಧುಗಳ ಊರು. ಹೋಟಗಿಯಲ್ಲಿ ದೊಡ್ಡ ಗಾಡಿಯಿಂದಿಳಿದು, ಮೀಟರ್‌ಗೇಜಿನ ಸಣ್ಣ ಗಾಡಿಯನ್ನೇರಿ, ಭೀಮೆಯನ್ನು ದಾಟಿ ಅಲ್ಲಿಗೆ ಹೋಗುತ್ತಿದ್ದ ಬಾಲ್ಯದಲ್ಲಿ, ಗೋಳಗುಮ್ಮಟಕ್ಕಿಂತಲೂ ಹೆಚ್ಚಾಗಿ ನನ್ನ ಕುತೂಹಲವನ್ನು ಕೆರಳಿಸಿದವು, ಶಿಖರವಾಗಲಿ ಕಳಸವಾಗಲಿ ಇಲ್ಲದೆ ಸುಮ್ಮನೆ ನಿಂತಿದ್ದ ಕಲ್ಲುಗಾರೆಯ ಗೋಪುರಗಳು.

“ಇವು ನೀರಿನ ಗಂಜ, ಅಳಿಯಾ. ನೀರು ಇಲ್ಲಿ ದಮ್ಮು ತಗೊಂಡು ಮುಂದ ಹೋಗತಿತ್ತು” ಎಂದರು ನನ್ನ ಸೋದರಮಾವ.

ಆ ಮಾತಿನ ಯಥಾರ್ಥತೆಯನ್ನು ನಾನು ಅರಿತುದು ಬಹುಕಾಲದ ಮೇಲೆ. ಮುಹಮ್ಮದ ಆದಿಲಶಾಹನ ಕಾಲದಲ್ಲಿ, 1651ರಲ್ಲಿ ನಿರ್ಮಿತವಾದ ಬೇಗಂ ತಲಾಬಿನಿಂದ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ಹರಿದ ಜಲವು, ತನ್ನ ರಭಸದಿಂದ ಕೊಳವೆಯನ್ನು ಸೀಳದಂತೆ, ನಡುನಡುವೆ ಈ ಗೋಪುರಗಳಲ್ಲಿ ಮೇಲೇರಿ ಒತ್ತಡವನ್ನು ಕಳೆದುಕೊಂಡು, ಹೊತ್ತು ತಂದ ಹೂಳನ್ನು ತಳದಲ್ಲಿಳಿಸಿ ಮುಂದೆ ಸಾಗುತ್ತಿತ್ತು. ಯಂತ್ರದ ಹಂಗಿಲ್ಲದೆ, ನೀರಿನ ಸ್ವಭಾವವನ್ನೇ ಬಲ್ಲವರು ಕಟ್ಟಿದ ಇಂತಹ ಕೃತಿಗೆ ಅರಮನೆಗೆ ಸಲ್ಲುವ ಗೌರವವು ಏಕೆ ಸಲ್ಲಬಾರದು?

ಅದೇ ಊರಿನ ತಾಜ್ ಬಾವಡಿಯ ಎರಡು ಅವಸ್ಥೆಗಳನ್ನೂ ನಾನು ಕಂಡಿದ್ದೇನೆ. ಇಬ್ರಾಹಿಂ ಆದಿಲಶಾಹನ ರಾಣಿಯ ಹೆಸರಿನಲ್ಲಿ 1620ರಲ್ಲಿ ಕಟ್ಟಿದ, ಇಕ್ಕೆಲದಲ್ಲಿ ದಾರಿಹೋಕರಿಗೆಂದು ವಿಶ್ರಾಂತಿಯ ಕಟ್ಟಡಗಳಿರುವ ಆ ವಿಶಾಲ ಬಾವಿಯು ಕಸದ ಕೊಂಪೆಯಾಗಿ, ಮೂಗುಮುಚ್ಚಿ ನಡೆಯುವಂತಿತ್ತು. ಕೆಲವು ವರ್ಷಗಳ ಹಿಂದೆ ಹೂಳೆತ್ತಿದ ಮೇಲೆ ಹೋದಾಗ, ಕಮಾನಿನ ಕೆಳಗೆ ಪ್ರವಾಸಿಗಳಷ್ಟೇ ಅಲ್ಲ, ಓಣಿಯ ಮುದುಕರೂ ಬಂದು ಮೆಟ್ಟಿಲುಗಳ ಮೇಲೆ ಕುಳಿತು ನೀರನ್ನು ನೋಡುತ್ತಿದ್ದರು. ಅದನ್ನು ಕಂಡು ನನಗಾದ ಆನಂದ ಅಷ್ಟಿಷ್ಟಲ್ಲ.

ನಮ್ಮ ಸೊಲ್ಲಾಪುರದಲ್ಲಿ ಶಿವಯೋಗಿ ಸಿದ್ಧರಾಮನು ಹನ್ನೆರಡನೆಯ ಶತಮಾನದಲ್ಲಿ ತೋಡಿಸಿದ ಕೆರೆಯು, ಗಿರಣಿಗಳು ಬಂದು ಗಿರಣಿಗಳು ಮುಚ್ಚಿಹೋದರೂ ಜನರ ಕೈಬಿಟ್ಟಿಲ್ಲ. ಸಂಕ್ರಮಣದ ಗಡ್ಡೆಯ ಜಾತ್ರೆಯಲ್ಲಿ ಏಳು ನಂದಿಕೋಲುಗಳು ಹೊರಟು, ಸಮ್ಮತಿಕಟ್ಟೆಯ ಬಳಿ ಅಕ್ಷತೆ ಬೀಳುವಾಗ, ಕನ್ನಡ ಮರಾಠಿ ತೆಲುಗು ಮಾತುಗಳೆಲ್ಲ ಒಂದೇ ದಡದ ಮೇಲೆ ಕೇಳಬರುತ್ತವೆ. ಗಂಜಗಳಿಗೆ ಇಂತಹ ಜಾತ್ರೆಯಿಲ್ಲ, ಹರಕೆಯಿಲ್ಲ. ಆದುದರಿಂದಲೇ ಅವುಗಳ ವಿಷಯದಲ್ಲಿ ನನ್ನ ಕಳವಳವು ಹೆಚ್ಚು. ಬುಡದ ಮುಳ್ಳುಕಂಟಿಯನ್ನು ಕಿತ್ತು, ಬೇವಿನ ಸಸಿಗಳನ್ನು ನೆಟ್ಟು, ಕೂಡಲು ಕಲ್ಲಿನ ಕಟ್ಟೆಯನ್ನು ಹಾಕಿಸಿ, ನೀರು ಎಲ್ಲಿಂದ ಬಂದು ಹೇಗೆ ಏರಿ ಎಲ್ಲಿಗೆ ಹೋಗುತ್ತಿತ್ತೆಂಬ ಚಿತ್ರವನ್ನು ಕನ್ನಡದಲ್ಲಿ ಬರೆಸಿ ನಿಲ್ಲಿಸಬೇಕು. ಶಾಲೆಯ ಮಾಸ್ತರರು ಮಕ್ಕಳನ್ನು ಗುಮ್ಮಟಕ್ಕೆ ಕರೆದೊಯ್ಯುವ ದಿನವೇ ಇಲ್ಲಿಗೂ ಕರೆತರಬೇಕು.